ಸಂಡೂರಿನ ಧೂಳು ಮತ್ತು ನನ್ನ ₹4,500ರ ಏರ್ ಫಿಲ್ಟರ್

ನನ್ನದು 1.3 ಲೀಟರ್ ಡೀಸೆಲ್ ಕಾರು. ಮನೆ ಹೊಸಪೇಟೆ, ಕೆಲಸ ಸಂಡೂರು ಕಡೆ. ಈ ದಾರಿ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಿರಿನ ಲಾರಿ ಹಿಂದೆ ಹತ್ತು ನಿಮಿಷ ಹೋದರೆ ಸಾಕು, ಬಿಳಿ ಕಾರು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಇಂಥ ದಾರಿಯಲ್ಲಿ ಓಡಾಡುವವನು ಎಂಜಿನ್‌ಗೆ ಹೋಗುವ ಗಾಳಿ ಸೋಸಲು ತೊಳೆದು ಬಳಸುವ ಕಾಟನ್ ಫಿಲ್ಟರ್ ಹಾಕಿಸಿದೆ ಎಂದರೆ ನೀವು ನಗಬಹುದು. ಆಗ ನನ್ನ ಲೆಕ್ಕವೇ ಬೇರೆ ಇತ್ತು. ಪೇಪರ್ ಫಿಲ್ಟರ್ ₹300 ಚಿಲ್ಲರೆ, ಆದರೆ ಮತ್ತೆ ಮತ್ತೆ ಬದಲಿಸಬೇಕು. ಇದು ₹4,500 ಆದರೂ ಒಂದು ಸಲ ತಂದರೆ ಆಯಿತು. ತೊಳೆ, ಎಣ್ಣೆ ಹಚ್ಚು, ಹಾಕು. ಜೊತೆಗೆ ಪಿಕಪ್ ಜಾಸ್ತಿ, ಮೈಲೇಜ್ ಜಾಸ್ತಿ ಎಂದು ಡಬ್ಬದ ಮೇಲೆ ಬರೆದಿತ್ತು.

ಗ್ಯಾರೇಜಿನ ಭಾಯ್ ಅದನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದರು. ಮಡಿಕೆಗಳ ನಡುವೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು.

"ಸರ್, ಇದ್ರಾಗ ಬೆಳಕು ಕಾಣ್ತದ. ಬೆಳಕು ಹೋಗೋ ಕಡೆ ಧೂಳು ಹೋಗಂಗಿಲ್ಲೇನ್ರೀ?"

ನಾನು ಓದಿಕೊಂಡಿದ್ದನ್ನೆಲ್ಲ ಹೇಳಿದೆ. ಗಾಳಿ ನೂಲಿನ ಎಳೆಗಳ ನಡುವೆ ತಿರುಗಿ ತಿರುಗಿ ಹೋಗುತ್ತದೆ, ಧೂಳಿನ ಕಣ ಅಷ್ಟು ಬೇಗ ತಿರುಗಲಾರದೆ ಎಳೆಗೆ ಬಡಿಯುತ್ತದೆ, ಎಣ್ಣೆ ಅದನ್ನು ಹಿಡಿದುಕೊಳ್ಳುತ್ತದೆ ಅಂತ. ಅವರು ಹೂಂ ಎಂದು ಹಾಕಿಕೊಟ್ಟರು. ನಾನು ಹೇಳಿದ್ದು ಸುಳ್ಳೇನಲ್ಲ. ಆದರೆ ಅವರು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಮೊದಲ ದಿನ ಭಾರಿ ಖುಷಿ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಸಿಳ್ಳೆ ಜೋರಾಗಿ ಕೇಳುತ್ತಿತ್ತು. ಸದ್ದು ಜಾಸ್ತಿಯಾದರೆ ಸ್ಪೀಡೂ ಜಾಸ್ತಿಯಾಗಿದೆ ಎಂದು ಮನಸ್ಸು ನಂಬಿಬಿಡುತ್ತದೆ, ಅಲ್ವಾ?

ಎಡವಟ್ಟು ಆಗಿದ್ದು ಮೊದಲ ಸಲ ತೊಳೆದಾಗ. ತೊಳೆದು ಒಣಗಿಸಿದೆ, ಎಣ್ಣೆ ಸಿಂಪಡಿಸಿದೆ. ಬಣ್ಣ ಎಲ್ಲ ಕಡೆ ಸಮವಾಗಿ ಕಾಣಲಿಲ್ಲವೆಂದು ಇನ್ನೊಂದು ಸುತ್ತು ಹೊಡೆದೆ. ಎಣ್ಣೆ ಇಳಿಯುವವರೆಗೆ ಸುಮ್ನೆ ಕಾಯಬೇಕಿತ್ತು, ಕಾಯಲಿಲ್ಲ. ನಾಲ್ಕನೇ ದಿನಕ್ಕೆ ಪಿಕಪ್ ಸತ್ತುಹೋಯಿತು, ಎಂಜಿನ್ ಲೈಟ್ ಹತ್ತಿತು. ಫಿಲ್ಟರ್ ದಾಟಿದ ತಕ್ಷಣ ಪೈಪಿನಲ್ಲಿ ಎಂಎಎಫ್ ಸೆನ್ಸರ್ ಇರುತ್ತದೆ. ಒಳಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವ ಬಿಸಿ ತಂತಿ ಅದು. ಅದರ ಮೇಲೆ ಎಣ್ಣೆ ಕೂತರೆ ಗಾಳಿ ಕಡಿಮೆ ಬರುತ್ತಿದೆ ಎಂದು ತಪ್ಪು ಲೆಕ್ಕ ಕೊಡುತ್ತದೆ. ಕಂಪ್ಯೂಟರ್ ಅದನ್ನೇ ನಂಬಿ ಡೀಸೆಲ್ ಕಡಿಮೆ ಮಾಡುತ್ತದೆ. ತಪ್ಪು ನನ್ನದೇ. ಆ ಸೆನ್ಸರ್‌ಗೆಂದೇ ಬರುವ ಸ್ಪ್ರೇ ತಂದು ಹೊಡೆದೆ, ಸರಿಹೋಯಿತು. ಬಟ್ಟೆಯಿಂದ ಒರೆಸಲು ಮಾತ್ರ ಹೋಗಬೇಡಿ, ತಂತಿ ಕೂದಲಿನಷ್ಟು ಸಪೂರ.

ಸೆನ್ಸರ್ ಬಿಚ್ಚಿದ್ದಾಗ ಪೈಪಿನ ಒಳಗೆ ಕರ್ಚೀಫು ಹಾಕಿ ಒರೆಸಿದೆ. ಹೊರಗೆ ಬಂದ ಕರ್ಚೀಫು ಕೆಂಪಗಿತ್ತು. ಅದು ಫಿಲ್ಟರ್ ಆದಮೇಲಿನ ಜಾಗ. ಅಲ್ಲಿ ಧೂಳು ಇರಲೇಬಾರದು.

ಫಿಲ್ಟರ್ ಅಂಚು ಸರಿಯಾಗಿ ಕೂರದೆ ಪಕ್ಕದಿಂದ ನುಗ್ಗಿರಬಹುದಾ ಎಂದು ಅನುಮಾನ ಬಂತು. ಎಲ್ಲ ಒರೆಸಿ, ಅಂಚಿಗೆ ಸುತ್ತಲೂ ಗ್ರೀಸ್ ಹಚ್ಚಿ ಕೂರಿಸಿದೆ. ಫಿಲ್ಟರ್ ದಾಟಿದ ಕಡೆ, ಮುಚ್ಚಳದ ಒಳಗೋಡೆಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ತೆಳ್ಳಗೆ ಗ್ರೀಸ್ ಸವರಿದೆ. 500 ಕಿ.ಮೀ. ಓಡಿಸಿ ತೆಗೆದು ನೋಡಿದರೆ ಆ ನಾಣ್ಯ ಕೆಂಪು. ಬೆರಳಲ್ಲಿ ಉಜ್ಜಿದರೆ ಕರಕರ. ಆಮೇಲೆ ಹೊಸ ಪೇಪರ್ ಫಿಲ್ಟರ್ ಹಾಕಿ ಅದೇ ದಾರಿಯಲ್ಲಿ ಇನ್ನೊಂದು 500 ಕಿ.ಮೀ. ಓಡಿಸಿದೆ. ಈ ಸಲ ಗ್ರೀಸ್ ಸ್ವಲ್ಪ ಮಂಕಾಗಿತ್ತು, ಅಷ್ಟೇ. ಇದೇನು ಲ್ಯಾಬ್ ಪರೀಕ್ಷೆಯಲ್ಲ. ಅದಕ್ಕೆ ಐಎಸ್‌ಒ 5011 ಎಂಬ ಕ್ರಮವೇ ಇದೆ, ತೂಕ ಮಾಡಿದ ಧೂಳನ್ನು ಊದಿ ಎಷ್ಟು ದಾಟಿತು ಎಂದು ನೋಡುತ್ತಾರೆ. ನನಗೆ ನನ್ನ ಬೆರಳು ಸಾಕಾಯಿತು.

ಮಾರುವವರು ಒಂದು ಫಿಲ್ಟರ್ 99 ಪರ್ಸೆಂಟ್ ಧೂಳು ತಡೆಯುತ್ತದೆ, ಇನ್ನೊಂದು 97 ಪರ್ಸೆಂಟ್ ಎಂದರೆ ಎರಡೇ ಪರ್ಸೆಂಟ್ ವ್ಯತ್ಯಾಸ ಎಂದು ನಮಗೆ ಅನಿಸುತ್ತದೆ. ತಿರುಗಿಸಿ ನೋಡಿ. ನೂರು ಗ್ರಾಂ ಧೂಳಿನಲ್ಲಿ ಒಂದು ಗ್ರಾಂ ದಾಟುವ ಕಡೆ ಮೂರು ಗ್ರಾಂ ದಾಟುತ್ತದೆ. ಅಂದರೆ ಎಂಜಿನ್ ಪಾಲಿಗೆ ಮೂರು ಪಟ್ಟು. ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ನಡುವಿನ ಆಯಿಲ್ ಪದರ ಕೆಲವೇ ಮೈಕ್ರಾನ್. ಅದಕ್ಕಿಂತ ತುಸು ದಪ್ಪಗಿರುವ, ಕಣ್ಣಿಗೆ ಕಾಣದ ಕಣಗಳೇ ಅಲ್ಲಿ ಸ್ಯಾಂಡ್‌ಪೇಪರ್ ಥರ ಉಜ್ಜುವುದು.

ಇಷ್ಟು ಧೂಳು ತಿನ್ನಿಸಿ ಸಿಕ್ಕಿದ್ದಾದರೂ ಏನು? ಅದನ್ನೂ ಅಳೆದೆ. ಪಕ್ಕದ ಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿಯ ಲೆವೆಲ್ ಪೈಪ್ ಕೇಳಿ ತಂದೆ. ಒಂದು ಹಲಗೆಗೆ ಯು ಆಕಾರದಲ್ಲಿ ಬಡಿದು, ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರು ತುಂಬಿದೆ. ನನ್ನ ಕಾರಿನ ಪೈಪಿಗೆ ತೂತು ಹೊಡೆಯುವ ಧೈರ್ಯವಿರಲಿಲ್ಲ. ಗುಜರಿಯಿಂದ ಅದೇ ಪೈಪ್ ಇನ್ನೊಂದು ತಂದು ತೂತು ಹೊಡೆದು ಜೋಡಿಸಿದೆ. ಗಾಳಿಗೆ ಅಡ್ಡ ಹೆಚ್ಚಾದಷ್ಟೂ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ ಹೆಚ್ಚು. ಅಕ್ಕನ ಮಗ ಪಕ್ಕದ ಸೀಟಿನಲ್ಲಿ ಹಲಗೆ ಹಿಡಿದು ಮೊಬೈಲಲ್ಲಿ ವಿಡಿಯೊ ಮಾಡುತ್ತಿದ್ದ. ಮೂರನೇ ಗೇರ್, ಪೂರ್ತಿ ಆಕ್ಸಿಲರೇಟರ್, 3,500 ಆರ್‌ಪಿಎಂ. ಪೇಪರ್‌ನಲ್ಲಿ ಎರಡೂ ಕಡೆಯ ನೀರಿನ ಮಟ್ಟದ ವ್ಯತ್ಯಾಸ 24 ಸೆಂ.ಮೀ. ಕಾಟನ್‌ನಲ್ಲಿ 21. ಮಳೆ ನಿಂತ ಒಂದು ಬೆಳಿಗ್ಗೆ ಫಿಲ್ಟರ್ ತೆಗೆದು ಒಂದೇ ಸಲ ನೋಡಿದೆ (ನೀವು ಮಾಡಬೇಡಿ), ಆಗಲೂ 18. ಅಂದರೆ ಗಾಳಿಗೆ ಅಡ್ಡ ಬರುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಪೈಪಿನ ತಿರುವುಗಳದೇ, ಫಿಲ್ಟರಿನದಲ್ಲ.

ಪೇಪರ್‌ಗೂ ಕಾಟನ್‌ಗೂ ಉಳಿದ ವ್ಯತ್ಯಾಸ 3 ಸೆಂ.ಮೀ. ನೀರು. ವಾತಾವರಣದ ಒತ್ತಡ ಸುಮಾರು 10 ಮೀಟರ್ ನೀರಿಗೆ ಸಮ. ಸಾವಿರಕ್ಕೆ ಮೂರು! ಟರ್ಬೊ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಮೈಲೇಜ್ ಮಾತಿಗೂ ಹೀಗೇ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಕಂಪ್ಯೂಟರ್ ಲೆಕ್ಕದಲ್ಲಿ ಇಂಧನ ಸಿಂಪಡಿಸುವ ಇಂಜೆಕ್ಷನ್ ಕಾರುಗಳ ಫಿಲ್ಟರನ್ನು ಗಾಳಿ ಸಲೀಸಾಗಿ ಹೋಗದಂತೆ ಬೇಕೆಂದೇ ಕಟ್ಟಿಸಿ ನೋಡಿದ್ದರು. ಪಿಕಪ್ ಕಡಿಮೆಯಾಯಿತು, ಮೈಲೇಜ್ ಹೇಳಿಕೊಳ್ಳುವಷ್ಟು ಕೆಡಲಿಲ್ಲ. ಕಟ್ಟಿಕೊಂಡ ಫಿಲ್ಟರೇ ಮೈಲೇಜ್ ಕೆಡಿಸದಿದ್ದರೆ ಸಲೀಸಾದ ಫಿಲ್ಟರ್ ಎಲ್ಲಿಂದ ಕೊಡಬೇಕು?

ರೇಸ್ ಟ್ರ್ಯಾಕಿಗೆ ಹೋಗುವವರ, ಎಂಜಿನ್ ಆಗಾಗ ಬಿಚ್ಚುವವರ ಕಥೆ ಬೇರೆ. ಅವರಿಗೆ ಆ ಸಾವಿರಕ್ಕೆ ಮೂರೂ ಬೇಕಾಗಬಹುದು.

ನಾನು ಪೇಪರ್‌ಗೆ ವಾಪಸ್ ಬಂದೆ. ಕಾರಿನ ಪುಸ್ತಕದಲ್ಲಿ ಹೇಳಿದ ದೂರದ ಅರ್ಧಕ್ಕೇ ಬದಲಿಸುತ್ತೇನೆ, ನಡುವೆ ಬಿಚ್ಚುವುದಿಲ್ಲ. ಸ್ವಲ್ಪ ಧೂಳು ಕೂತ ಪೇಪರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಕೂತ ಧೂಳೇ ಇನ್ನೊಂದು ಜರಡಿಯಾಗುತ್ತದೆ. ಭಾಯ್‌ಗೆ ಮಾತ್ರ ಇದು ಒಪ್ಪಿಗೆಯಿಲ್ಲ. ಪ್ರತಿ ಸರ್ವಿಸಿಗೂ ಕಂಪ್ರೆಸರ್ ಗನ್ ಹಿಡಿದು "ಒಂದ್ಸಲ ಗಾಳಿ ಹೊಡೀತೀನಿ ಸರ್" ಎನ್ನುತ್ತಾರೆ. ಆ ಒತ್ತಡಕ್ಕೆ ಪೇಪರ್ ಹರಿದರೆ ಕಣ್ಣಿಗೂ ಕಾಣುವುದಿಲ್ಲ. ಹಾಗಾಗಿ ಬಾನೆಟ್ ಎತ್ತಿದಾಗ ನಾನೇ ಫಿಲ್ಟರ್ ಡಬ್ಬದ ಪಕ್ಕ ನಿಂತುಕೊಳ್ಳುತ್ತೇನೆ.

ಲೆವೆಲ್ ಪೈಪ್ ತೊಳೆದು ವಾಪಸ್ ಕೊಟ್ಟೆ. ಒಳಗಿನ ನೀಲಿ ಹೋಗಿಲ್ಲ ಎಂದು ಮೇಸ್ತ್ರಿ ಇನ್ನೂ ಬೈಯುತ್ತಿದ್ದಾನೆ.