ಬೀಜದ ಈರುಳ್ಳಿಗೆ ಸಾರಜನಕ: ಹುಳಿ ಮಣ್ಣಿನವರ ಲೆಕ್ಕ

ಕೊಡಗಿನ ಕಾಫಿ ಬೆಳೆಗಾರರೆಲ್ಲ ಹೂಮಳೆಗಾಗಿ ಆಕಾಶ ನೋಡುವ ಹೊತ್ತಿನಲ್ಲಿ ಆ ಮಳೆಗೆ ಹೆದರುವವಳು ನಾನು. ಹೆಬ್ಬಾಲೆಯ ನನ್ನ ಹೊಲದಲ್ಲಿ ಆಗ ಈರುಳ್ಳಿ ಬೀಜ ಮಾಗುತ್ತಿರುತ್ತದೆ. ಮೊದಲ ವರ್ಷ ಹೂದಂಟು ಬಂದ ಮೇಲೂ ಯೂರಿಯಾ ಎರಚಿದ್ದೆ. ದಂಟು ಸೊಂಟ ಮೀರಿ ಬೆಳೆಯಿತು, ಹಿಚುಕಿದರೆ ಮೆತ್ತಗೆ. ಒಂದೇ ಗಾಳಿಗೆ ಅರ್ಧ ಬೆಳೆ ಮಲಗಿತು. ಉಳಿದದ್ದು ತಡವಾಗಿ ಮಾಗಿ, ಮಳೆಗೆ ಸಿಕ್ಕು, ಗೊಂಚಲಿನಲ್ಲೇ ಬೂಸ್ಟು ಹಿಡಿಯಿತು. ಆದ್ದರಿಂದ ಗೊಬ್ಬರ ಯಾವುದು ಎನ್ನುವ ಮೊದಲು ನಿಲ್ಲಿಸುವ ದಿನ ಗೊತ್ತುಮಾಡಿಕೊಳ್ಳಿ. ನವೆಂಬರ್ ಮೊದಲ ವಾರ ಗಡ್ಡೆ ನೆಟ್ಟರೆ 50ನೆಯ ದಿನಕ್ಕೆ ನನ್ನ ಕೊನೆಯ ಕಂತು ಮುಗಿಯುತ್ತದೆ.

ಇನ್ನು ಆಯ್ಕೆ. ಅಂಗಡಿಯಲ್ಲಿ ಚೀಲದ ಬೆಲೆ ಕೇಳುತ್ತೇವೆ, ಕೇಳಬೇಕಾದದ್ದು ಮಣ್ಣನ್ನು. ಈರುಳ್ಳಿಗೆ ಮಣ್ಣಿನ ರಸಸಾರ (pH) 6ರಿಂದ 7 ಇದ್ದರೆ ಹಿತ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ನನ್ನ ಮಣ್ಣು ಪರೀಕ್ಷೆಯಲ್ಲಿ 5.4 ತೋರಿಸಿತು. ಒಂದು ಕಿಲೋ ಸಾರಜನಕವನ್ನು ಯೂರಿಯಾದಿಂದ ಕೊಟ್ಟರೆ ಹುಟ್ಟುವ ಹುಳಿ ತೊಡೆಯಲು ಸುಮಾರು 1.8 ಕಿಲೋ ಸುಣ್ಣದ ಕಲ್ಲಿನ ಪುಡಿ ಬೇಕು. ಅದನ್ನೇ ಅಮೋನಿಯಂ ಸಲ್ಫೇಟಿನಿಂದ ಕೊಟ್ಟರೆ 5 ಕಿಲೋಗೂ ಹೆಚ್ಚು. ಹಾಗೆಂದು ಸಲ್ಫೇಟನ್ನು ಬಿಡುವಂತಿಲ್ಲ, ಅದರಲ್ಲಿರುವ ಗಂಧಕ ಈರುಳ್ಳಿಗೆ ಬೇಕೇ ಬೇಕು.

ಎಕರೆಗೆ 40 ಕಿಲೋ ಸಾರಜನಕ ನನ್ನ ಅಳತೆ. ನಾಟಿಗೆ ಮುನ್ನ 65 ಕಿಲೋ ಅಮೋನಿಯಂ ಸಲ್ಫೇಟ್: 13 ಕಿಲೋ ಸಾರಜನಕ, ಜೊತೆಗೆ 15 ಕಿಲೋ ಗಂಧಕ. ಉಳಿದ 27 ಕಿಲೋಗೆ ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್ 108 ಕಿಲೋ, 30 ಮತ್ತು 50ನೆಯ ದಿನ ಸಮಪಾಲು. ಅದರಲ್ಲೇ ಸುಣ್ಣದ ಅಂಶ ಇರುವುದರಿಂದ ಹುಳಿ ಏರುವುದಿಲ್ಲ. ನೈಟ್ರೇಟ್ ನೀರಿನೊಂದಿಗೆ ಬೇಗ ಇಳಿದುಹೋಗುತ್ತದೆ, ಹಾಕಿದ ದಿನ ನೀರು ಹಿತಮಿತವಾಗಿರಲಿ. ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್ ಸಿಗದಿದ್ದರೆ ಅದರ ಬದಲು 58 ಕಿಲೋ ಯೂರಿಯಾ ಸಾಕು. ಆದರೆ ಮೇಲೆ ಎರಚಿ ಬಿಡಬೇಡಿ, ಸಾಲಿನ ಪಕ್ಕ ಹಾಕಿ ಮಣ್ಣು ಮುಚ್ಚಿ. ಅಮೋನಿಯಂ ಕ್ಲೋರೈಡ್ ಬೇಡವೇ ಬೇಡ, ಈರುಳ್ಳಿ ಉಪ್ಪು ತಾಳುವ ಬೆಳೆಯಲ್ಲ.

ಸುಣ್ಣ ಹಾಕುವವರು ನಾಟಿಗೆ ಮೂರು ವಾರ ಮೊದಲೇ ಹಾಕಿ, ಅದು ಸಲ್ಫೇಟಿನ ಜೊತೆ ಸೇರಬಾರದು. ಬಕೆಟ್ಟಿನ ತಳದಲ್ಲಿ ಉಳಿದಿದ್ದ ಒದ್ದೆ ಸುಣ್ಣದ ಮೇಲೆ ಒಮ್ಮೆ ಸಲ್ಫೇಟ್ ಸುರಿದಿದ್ದೆ. ಕಣ್ಣು ಉರಿಸುವ ಘಾಟು ಎದ್ದಿತು. ದುಡ್ಡು ಕೊಟ್ಟು ತಂದ ಸಾರಜನಕವೇ ಹಾಗೆ ಗಾಳಿಗೆ ಹೋಗುತ್ತದೆ.

ಸಾರಜನಕ ಹೆಚ್ಚಾದರೆ ಇನ್ನೊಂದು ಕೇಡಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲೆ ರಸ ತುಂಬಿ ಎಳಸಾಗುತ್ತದೆ, ಥ್ರಿಪ್ಸ್ ನುಸಿ ಮುತ್ತುತ್ತದೆ, ನಾವು ಔಷಧಿ ಹೊಡೆಯುತ್ತೇವೆ. ಹೂವಿಗೆ ಬರುವ ತುಡುವೆ ಜೇನು ಸಾಯುತ್ತದೆ. ಜೇನು ಮುಟ್ಟದ ಗೊಂಚಲು ಎಷ್ಟು ದಪ್ಪವಿದ್ದರೂ ಒಳಗೆ ಜೊಳ್ಳು.

ಕಳೆದ ಬೇಸಿಗೆಯಲ್ಲಿ ಈ ಲೆಕ್ಕದಂತೆ ನಡೆದೆ. ದಂಟು ಗಿಡ್ಡವಿತ್ತು, ಗಟ್ಟಿಯಿತ್ತು. ಮಾರ್ಚ್ ಮೂರನೆಯ ವಾರ ಗೊಂಚಲುಗಳು ಬಿರಿದು ಕಪ್ಪು ಬೀಜ ಇಣುಕಿದವು. ಮೋಡ ಕಟ್ಟುವ ಮೊದಲೇ ಕೊಯ್ದು ಟಾರ್ಪಾಲಿನ ಮೇಲೆ ಹರಡಿದೆ.