ಇಗರ್ಜಿಯ ಪುಸ್ತಕದಲ್ಲಿ ಸಿಕ್ಕ ನಮ್ಮ ಆರು ತಲೆಮಾರು

"ಟಿಪ್ಪುವಿನ ಕಾಲದಲ್ಲೇ ಎಲ್ಲ ಹೋಯಿತು, ಇನ್ನೇನು ಹುಡುಕುತ್ತೀ?" ಎಂದು ದೊಡ್ಡಪ್ಪ ಕೇಳಿದ್ದರು. ಅರ್ಧ ನಿಜ. 1784ರಲ್ಲಿ ಮಂಗಳೂರು ಕಡೆಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳೂ (ಚರ್ಚುಗಳೂ) ನೆಲಸಮವಾದವು. ಆದರೆ 1799ರ ನಂತರ ಉಳಿದವರು ವಾಪಸ್ ಬಂದರಲ್ವಾ? ನನಗೆ ಬೇಕಿದ್ದದ್ದು ಅಲ್ಲಿಂದ ಈಚೆಗಿನ ನಮ್ಮ ವಂಶದ ಕೊಂಡಿ. ಈಗ ಆರು ತಲೆಮಾರು ಕೈಯಲ್ಲಿದೆ.

ಮೊದಲ ವರ್ಷ ಸುಮ್ನೆ ಹೋಯಿತು. ಜ್ಞಾನಸ್ನಾನ (ಬ್ಯಾಪ್ಟಿಸಮ್), ಮದುವೆ, ಮರಣ ಬರೆದಿಡುವ ನಮ್ಮ ಈಗಿನ ಇಗರ್ಜಿಯ ಪುಸ್ತಕಗಳು 1920ರ ಸುಮಾರಿಗೆ ಶುರುವಾಗುತ್ತವೆ. ಅದು ಬೇರೊಂದು ಇಗರ್ಜಿಯಿಂದ ಒಡೆದು ಆದದ್ದು ಎಂದು ವಾಳೆಯ (ಇಗರ್ಜಿಯ ವಾರ್ಡಿನ) ಹಳೇ ಗುರಿಕಾರರು, ಅಂದರೆ ಮುಖಂಡರು, ಹೇಳಿದ ಮೇಲೆಯೇ ತಿಳಿದದ್ದು. ಮೂಲ ಇಗರ್ಜಿಯಲ್ಲಿ ಫಾದರ್ ಒಪ್ಪಿದರು, ಆದರೆ ಫೋಟೋ ತೆಗೆಯುವಂತಿಲ್ಲ. ಪೆನ್ಸಿಲಿನಲ್ಲೇ ನಕಲು. ಲ್ಯಾಟಿನ್ ಓದಿಸಲು ಒಬ್ಬರಿಗೆ ನಾಲ್ಕು ಸಾವಿರ ಕೊಟ್ಟೆ. ದುಡ್ಡು ದಂಡ. ನಮ್ಮ ಲುವಿಸ್ ಅಲ್ಲಿ ಅಲೋಶಿಯಸ್, ಜಾಕು ಅಲ್ಲಿ ಯಾಕೋಬುಸ್. ಇದು ಅವರಿಗೆ ಹೊಳೆಯಲೇ ಇಲ್ಲ. ಐವತ್ತು ಪದ ಕಲಿತರೆ ಸಾಕು, ನೀವೇ ಓದಬಹುದು.

ನಿಜವಾದ ತಲೆನೋವು ಜುವಾಂವ್. ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು ಇಡುವ ಕ್ರಮ ನಮ್ಮದು. ಅಣ್ಣತಮ್ಮಂದಿರು ನಾಲ್ವರು, ನಾಲ್ವರ ಹಿರಿಮಗನೂ ಜುವಾಂವ್! ನಾನು ಒಬ್ಬನನ್ನು ಹಿಡಿದು ಎಂಟು ತಿಂಗಳು ವಂಶಾವಳಿ ಬರೆದೆ. ಆಮೇಲೆ ಮರಣದ ಪುಸ್ತಕ ನೋಡಿದರೆ ಆ ಹುಡುಗ ನಾಲ್ಕನೇ ವಯಸ್ಸಿಗೇ ತೀರಿಹೋಗಿದ್ದ. ಅಂದು ಬಸ್ಸಿನಲ್ಲಿ ಅಳು ಬಂತು.

ದಾರಿ ತೋರಿಸಿದ್ದು ಮದುವೆಯ ಪುಸ್ತಕದ ಒಂದು ಸಾಲು. ವರ, ವಧು ಮೂರನೇ ಹಂತದ ರಕ್ತಸಂಬಂಧಿಗಳು, ಅದಕ್ಕೆ ವಿನಾಯಿತಿ ಕೊಟ್ಟಿದೆ ಎಂದಿತ್ತು. ಹಳೇ ಲೆಕ್ಕದಲ್ಲಿ ಹಾಗಂದರೆ ಇಬ್ಬರ ಮುತ್ತಜ್ಜ ಒಬ್ಬನೇ. ವಧುವಿನ ಕಡೆಯ ವಿವರ ನನ್ನ ಹತ್ತಿರ ಇತ್ತು. ಜ್ಞಾನಸ್ನಾನದ ತಂದೆತಾಯಿಯ (ಹೆತ್ತವರಲ್ಲ, ಗಾಡ್‌ಫಾದರ್, ಗಾಡ್‌ಮದರ್) ಹೆಸರುಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಸರಿಯಾದ ಜುವಾಂವ್ ಒಬ್ಬನೇ ಉಳಿದ. 1908ರಿಂದ ಈಚೆಗೆ ಕೆಲಸ ಇನ್ನೂ ಸುಲಭ. ಎಲ್ಲಿ, ಯಾರ ಜತೆ ಮದುವೆ ಎಂಬುದನ್ನು ಜ್ಞಾನಸ್ನಾನದ ದಾಖಲೆಯ ಅಂಚಿನಲ್ಲೇ ಬರೆಯಬೇಕೆಂಬ ನಿಯಮ ಆಗ ಬಂತು. ಅಂಚು ಬಿಟ್ಟು ಓದುವವರೇ ಜಾಸ್ತಿ.

ಮಧ್ಯೆ ಡಿಎನ್‌ಎ ಪರೀಕ್ಷೆಗೆ ಒಂಬತ್ತು ಸಾವಿರ ಸುರಿದೆ. ದೂರದ ಸಂಬಂಧಿ ಒಬ್ಬರು ಸಿಕ್ಕರು, ಅವರಿಗೆ ಅವರ ಅಜ್ಜನ ಹೆಸರೇ ಗೊತ್ತಿಲ್ಲ. ಸವೆದ ಸಮಾಧಿ ಕಲ್ಲುಗಳಿಗೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದೆ. ಅಕ್ಷರ ಎದ್ದು ಕಾಣುತ್ತದೆ! ಎರಡು ಇಸವಿ ಹಾಗೆ ಸಿಕ್ಕವು. ಹಳೇ ಧಣಿಗಳ ಮನೆಯ ಅಟ್ಟದಿಂದ ಮೂಲಗೇಣಿ (ಶಾಶ್ವತ ಗೇಣಿ) ಚೀಟಿಯೂ ಸಿಕ್ಕಿತು. ಅವರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷಕ್ಕೆ ಒಟ್ಟು ಇಪ್ಪತ್ತಾರು ಸಾವಿರದಷ್ಟು ಆಗಿರಬಹುದು.

ಪಟ್ಟಿಯನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಜುವಾಂವ್, ಲುವಿಸ್, ಜುವಾಂವ್, ಲುವಿಸ್. ಅವರ ಹೆಸರೂ ಲುವಿಸ್. "ಇನ್ನೊಮ್ಮೆ ಓದು" ಎಂದರು.