ಅಜ್ಜಿಯ ವೀಣೆ, ತಮ್ಮನ ಮಾತು: ಮನೆಯ ಕಥೆಗೆ ಕಚೇರಿ ಕಟ್ಟುವ ಬಗೆ

ನಮ್ಮ ದೊಡ್ಡಮ್ಮನ ಸಹಸ್ರ ಚಂದ್ರ ದರ್ಶನ ಶಾಂತಿಗೆ ಉಡುಗೊರೆ ಏನು ಎಂಬ ಮಾತು ಮೈಸೂರಿನ ನಮ್ಮ ಮನೆಯಲ್ಲಿ ಎರಡು ವಾರ ನಡೆಯಿತು. ಸಾವಿರ ಹುಣ್ಣಿಮೆ ಎಂದರೆ ಹೆಚ್ಚುಕಡಿಮೆ ಎಂಬತ್ತು ವರ್ಷ ಹತ್ತು ತಿಂಗಳು. ಅಷ್ಟು ಬಾಳಿದವರಿಗೆ ರೇಷ್ಮೆ ಸೀರೆ ಕೊಟ್ಟರೆ ಬೀರುವಿಗೆ ಹೋಗುತ್ತದೆ, ಬೆಳ್ಳಿ ಕೊಟ್ಟರೆ ಬ್ಯಾಂಕಿನ ಲಾಕರಿಗೆ. "ಅಕ್ಕ, ನೀನು ಅಜ್ಜಿಯ ವೀಣೆ ನುಡಿಸು. ನಡುನಡುವೆ ನಾನು ಅಜ್ಜಿಯ ಕಥೆ ಹೇಳುತ್ತೇನೆ" ಎಂದ ನನ್ನ ತಮ್ಮ. ಹಾಗೆ ಶುರುವಾಯಿತು. ಆಮೇಲೆ ನೆಂಟರ, ಶಿಷ್ಯರ ಮನೆಗಳಲ್ಲಿ ಇಂಥ ಐದು ಕಾರ್ಯಕ್ರಮ ಮಾಡಿದ್ದೇವೆ. ನಾಲ್ಕು ಚೆನ್ನಾದವು, ಒಂದು ಪೂರಾ ಕೆಟ್ಟಿತು. "ನಮ್ಮ ಮನೆಗೂ ಮಾಡಬೇಕು, ಹೇಗೆ?" ಎಂದು ಕೇಳುವವರು ಹೆಚ್ಚಾಗಿರುವುದರಿಂದ ಬರೆದಿಡುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಇದೇನೋ ಹೊಸ ಪ್ರಯೋಗ ಎಂದು ಆಹ್ವಾನ ಪತ್ರಿಕೆಯಲ್ಲಿ ಹಾಕಿಸಬೇಡಿ. ಹರಿಕಥೆಯ ದಾಸರು ಹಾಡಿ, ಹೇಳಿ, ಉಪಕಥೆಗೆ ಹೊರಳಿ, ಮತ್ತೆ ಹಾಡಿಗೆ ಬರುವುದನ್ನು ನೋಡುತ್ತಲೇ ಬೆಳೆದವರು ನಾವು. ಕಾವ್ಯವನ್ನು ರಾಗವಾಗಿ ಓದುವ ಗಮಕದಲ್ಲಂತೂ ಕೆಲಸವೇ ಹಂಚಿಕೆಯಾಗಿದೆ: ವಾಚನಕ್ಕೆ ಒಬ್ಬರು, ವ್ಯಾಖ್ಯಾನಕ್ಕೆ ಇನ್ನೊಬ್ಬರು. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂಥ ಊರು ಗಮಕದಿಂದಲೇ ಹೆಸರಾಗಿದೆ. ನೀವು ಮಾಡಬೇಕೆಂದಿರುವುದನ್ನು ಯಾರಿಂದಾದರೂ ಕಲಿಯಬೇಕೆಂದರೆ ಒಂದು ಸಂಜೆ ಗಮಕ ಕೇಳಿ ಬನ್ನಿ. ಗಮಕಿ ಪದ್ಯದ ಕೊನೆಯ ಸಾಲನ್ನು ಇಳಿಸುವ ಹೊತ್ತಿಗೆ ವ್ಯಾಖ್ಯಾನಕಾರರು ಉಸಿರೆಳೆದುಕೊಂಡು ಸಿದ್ಧವಾಗಿರುತ್ತಾರೆ, ಆದರೆ ಬಾಯಿ ತೆರೆಯುವುದಿಲ್ಲ. ಆ ಒಂದು ಕ್ಷಣದ ತಡೆ ಇದೆಯಲ್ಲ, ನಿಮ್ಮ ಮನೆಯ ಮಾತುಗಾರನಿಗೆ ಅದನ್ನು ಕಲಿಸುವುದಕ್ಕೇ ಎರಡು ತಾಲೀಮು ಬೇಕಾಗುತ್ತದೆ.

ಕಥೆ ಕೂಡಿಸುವಾಗ ಎಲ್ಲರೂ ಮಾಡುವ ತಪ್ಪು ವಂಶವೃಕ್ಷದಿಂದ ಹೊರಡುವುದು. ಗೋತ್ರ, ಮೂಲ ಊರು, ಯಾರ ಮಗ ಯಾರು, ಹೀಗೆ ಕಾಲು ಗಂಟೆ ಕಳೆದರೆ ಹೊರಗಿನವರು ಮೊಬೈಲ್ ತೆಗೆಯುತ್ತಾರೆ, ಒಳಗಿನವರು ತಮ್ಮ ಹೆಸರು ಬಿಟ್ಟುಹೋಯಿತೇ ಎಂದು ಲೆಕ್ಕ ಹಾಕುತ್ತಾರೆ. ಬದಲಿಗೆ ಒಂದು ವಸ್ತುವನ್ನು ಹಿಡಿಯಿರಿ. ನಮಗೆ ಅದು ವೀಣೆಯ ಸೋರೆ ಬುರುಡೆ. ಒಬ್ಬ ಶಿಷ್ಯೆಯ ಮನೆಯಲ್ಲಿ ಅದು ಅವಳ ಮುತ್ತಜ್ಜ ತಾಳ ಹಾಕಿ ಹಾಕಿ ಸವೆಸಿದ ಮಂಚದ ಅಂಚು. ಮಂಚವನ್ನೇ ವೇದಿಕೆಯ ಪಕ್ಕಕ್ಕೆ ತಂದಿಟ್ಟಿದ್ದರು.

ಹಿರಿಯರ ಬಳಿ ಕುಳಿತು "ನಿಮ್ಮ ಜೀವನದ ಕಥೆ ಹೇಳಿ" ಎಂದರೆ ಅವರು ಭಾಷಣ ಮಾಡುತ್ತಾರೆ. "ರೈಲಿನಲ್ಲಿ ವೀಣೆಯನ್ನು ಎಲ್ಲಿ ಇಡುತ್ತಿದ್ದರು?" ಎಂದು ಕೇಳಿದರೆ ಕಥೆ ಬರುತ್ತದೆ. ಫೋನಿನ ರೆಕಾರ್ಡರ್ ಹಚ್ಚಿ ಮಗುಚಿಡಿ. ಅವರು ಏನೋ ಕೆಲಸ ಮಾಡುತ್ತಿರುವಾಗ ಕೇಳಿ, ಹುರುಳಿಕಾಯಿ ನಾರು ತೆಗೆಯುವ ಹೊತ್ತಿನಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಇಸವಿ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. ಊರಿಗೆಲ್ಲ ಗೊತ್ತಿರುವ ಘಟನೆಯನ್ನು ಮುಂದಿಡಿ. "ಮೈಸೂರಿನಲ್ಲಿ ಗೋಪಾಲಸ್ವಾಮಿಯವರ ಆಕಾಶವಾಣಿ ಶುರುವಾಗಿತ್ತೇ?" ಎಂದರೆ 1935ಕ್ಕೆ ಮುಂಚೆಯೋ ಆಮೇಲೋ ತಿಳಿಯುತ್ತದೆ. ಅಜ್ಜನಿಗೆ ಹೊಳೆನರಸೀಪುರದ ಸ್ಟೇಷನ್ನಿನಿಂದ ಅರಸೀಕೆರೆಗೆ ವರ್ಗವಾದದ್ದು ಯಾವಾಗ ಎಂದು ನಮ್ಮ ಮನೆಯಲ್ಲಿ ಮೂರು ಅಭಿಪ್ರಾಯಗಳಿದ್ದವು. "ನಯಾಪೈಸೆ ಬಂದ ವರ್ಷ. ಕೂಲಿಯವನಿಗೆ ಆಣೆ ಕೊಡಬೇಕೋ ಪೈಸೆ ಕೊಡಬೇಕೋ ಎಂದು ಅಪ್ಪ ಪ್ಲಾಟ್‌ಫಾರ್ಮಿನಲ್ಲೇ ಲೆಕ್ಕ ಹಾಕುತ್ತಿದ್ದರು" ಎಂದು ದೊಡ್ಡಮ್ಮ ಹೇಳಿದ ಮೇಲೆ ಚರ್ಚೆ ಮುಗಿಯಿತು. 1957.

ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ದನಿ ದೊಡ್ಡದಿರುವವರ ಕಥೆಯೇ ಉಳಿಯುತ್ತದೆ. ಆ ವರ್ಗಾವಣೆಯಲ್ಲಿ ಅಜ್ಜಿಯ ವೀಣೆಯ ಬುರುಡೆ ಒಡೆಯಿತು, ಇದರಲ್ಲಿ ಒಮ್ಮತ. ಗಾರ್ಡಿನ ಡಬ್ಬಿಯಲ್ಲಿ ಟ್ರಂಕು ಉರುಳಿ ಒಡೆಯಿತು ಎನ್ನುತ್ತಾರೆ ದೊಡ್ಡಮ್ಮ. ಅಲ್ಲ, ಜಟಕಾದಿಂದ ಇಳಿಸುವಾಗ ಅಜ್ಜನೇ ಕೈಜಾರಿಸಿದರು, ಆಮೇಲೆ ರೈಲಿನ ಮೇಲೆ ಹಾಕಿದರು ಎನ್ನುತ್ತಾರೆ ಸೋದರಮಾವ. ತಮ್ಮ ಯಾವುದು ನಿಜ ಎಂದು ತಲೆ ಕೆಡಿಸಿಕೊಂಡ. ಸಂಗೀತದವರಿಗೆ ಇದು ಸಮಸ್ಯೆಯೇ ಅಲ್ಲ. ಒಂದೇ ಕೃತಿಯನ್ನು ಒಂದು ಮನೆಯಲ್ಲಿ ಒಂದು ರೀತಿ, ಇನ್ನೊಂದು ಮನೆಯಲ್ಲಿ ಇನ್ನೊಂದು ರೀತಿ ಹಾಡಿದರೆ ನಾವು ಅದನ್ನು ತಪ್ಪು ಎನ್ನುವುದಿಲ್ಲ, ಪಾಠಾಂತರ ಎನ್ನುತ್ತೇವೆ. ಹಾಗಾಗಿ ಕಾರ್ಯಕ್ರಮದಲ್ಲಿ ತಮ್ಮ ಎರಡನ್ನೂ ಹೇಳಿದ. ಮೊದಲು ದೊಡ್ಡಮ್ಮನದು, ನಾನು ಕೃತಿಯ ಪಲ್ಲವಿಯ ಸಾಲನ್ನು ಅಜ್ಜಿಯ ಪಾಠದಂತೆ ನುಡಿಸಿದೆ. ಆಮೇಲೆ ಸೋದರಮಾವನದು, ಅದೇ ಸಾಲನ್ನು ನನ್ನ ಗುರುಗಳ ಪಾಠದಂತೆ ನುಡಿಸಿದೆ. ಯಾರೂ ವಿವರಿಸಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಸೋದರಮಾವ ಮಾತ್ರ ಗಂಭೀರವಾಗಿ ತಲೆಯಾಡಿಸಿದರು.

ಇನ್ನು ಬರೆಯುವುದು. ತಮ್ಮನ ಮೊದಲ ಕರಡು ಹೀಗಿತ್ತು: "ನಮ್ಮ ಅಜ್ಜಿ ತ್ಯಾಗಮಯಿ. ಸಂಗೀತವೇ ಅವರ ಉಸಿರಾಗಿತ್ತು. ಕಷ್ಟಗಳ ನಡುವೆಯೂ..." ಇದನ್ನು ಯಾವ ಅಜ್ಜಿಗೆ ಬೇಕಾದರೂ ಹೇಳಬಹುದು. ಹರಿದು ಹಾಕಿಸಿದೆ. ಕೊನೆಗೆ ಉಳಿದದ್ದು ಇಷ್ಟು: "ಬುರುಡೆ ಒಡೆಯಿತು. ಅರಸೀಕೆರೆಯ ಬಿಸಿಲಿಗೆ ವೀಣೆಯ ಮೆಟ್ಟಿಲು ಕೂರಿಸಿದ ಮೇಣವೂ ಸರಿಯಿತು. ಮೆಟ್ಟಿಲು ಮತ್ತೆ ಕೂರಿಸಿ ಮೇಳ ಕಟ್ಟುವವರು ಇದ್ದದ್ದು ಮೈಸೂರಿನಲ್ಲಿ, ಕೈಯಲ್ಲಿ ಹಣವಿರಲಿಲ್ಲ. ಅಜ್ಜಿ ವೀಣೆಗೆ ಹಳೆಯ ಸೀರೆ ಸುತ್ತಿ ಅಟ್ಟಕ್ಕೆ ಹಾಕಿದರು. ಒಡೆದ ಬುರುಡೆಯನ್ನು ಎಸೆಯಲಿಲ್ಲ. ಬೂದಿ ಬೆರೆಸಿ ಅದರಲ್ಲಿ ಹಾಗಲಬೀಜ ತುಂಬಿಟ್ಟರು. ಹನ್ನೊಂದು ವರ್ಷ ಅದರಲ್ಲಿ ಹಾಗಲಬೀಜವೇ ಇತ್ತು." ಇಲ್ಲಿ ನಿಲ್ಲಿಸಬೇಕು. "ಆ ನೋವನ್ನು ಈಗ ಈ ರಾಗದಲ್ಲಿ ಕೇಳೋಣ" ಎಂದು ಒಂದು ಸಾಲು ಸೇರಿಸಿದರೆ ಎಲ್ಲ ಹಾಳು. ರಾಗ ಏನು ಹೇಳುತ್ತದೆ ಎಂದು ಹೇಳುವುದು ಮಾತುಗಾರನ ಕೆಲಸವಲ್ಲ. ರಾಗ, ತಾಳ, ರಚನಕಾರರ ಹೆಸರನ್ನು ಕೈಗೆ ಕೊಡುವ ಹಾಳೆಯಲ್ಲಿ ಅಚ್ಚು ಹಾಕಿಸಿ, ಸಾಕು.

ಒಂದು ತುಣುಕು ಮೂರು ನಿಮಿಷ ಮೀರಬಾರದು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ, ದೊಡ್ಡ ದೊಡ್ಡ ವಿದ್ವಾಂಸರೇ ಅಷ್ಟರಲ್ಲಿ ಮುಗಿಸಿದ್ದಾರೆ. ತಮ್ಮ ಗಟ್ಟಿಯಾಗಿ ಓದುವ ವೇಗದಲ್ಲಿ ನಿಮಿಷಕ್ಕೆ ತೊಂಬತ್ತು ಪದ. ನಿಮ್ಮವರ ವೇಗವನ್ನು ಗಡಿಯಾರ ಹಿಡಿದು ಅಳೆದುಕೊಳ್ಳಿ. ಏಳು ತುಣುಕು, ಎಂಟು ರಚನೆ, ಒಟ್ಟು ಎಪ್ಪತ್ತೈದರಿಂದ ತೊಂಬತ್ತು ನಿಮಿಷ. ಊಟದ ಮನೆಯಿಂದ ಒಗ್ಗರಣೆ ವಾಸನೆ ಬರುವುದಕ್ಕೆ ಮುಂಚೆ ಮುಗಿಯಬೇಕು.

ರಚನೆಗಳ ಆಯ್ಕೆಯಲ್ಲಿ ನನ್ನದೊಂದು ಹಟವಿದೆ. ತೊಟ್ಟಿಲು ಎಂದರೆ ನೀಲಾಂಬರಿ ರಾಗ, ದುಃಖ ಎಂದರೆ ಶುಭಪಂತುವರಾಳಿ, ಈ ಜೋಡಣೆ ಸಿನಿಮಾದವರಿಗೆ ಇರಲಿ. ಆ ಮನೆಯಲ್ಲಿ ನಿಜವಾಗಿ ಏನು ಹಾಡುತ್ತಿದ್ದರೋ ಅದನ್ನೇ ಹುಡುಕಿ, ಅದು ದೊಡ್ಡ ಕೃತಿಯಾಗಿರಬೇಕಿಲ್ಲ. ನಮ್ಮ ಕಾರ್ಯಕ್ರಮ ಶುರುವಾದದ್ದು ಮಲಹರಿ ರಾಗದ ಪಿಳ್ಳಾರಿ ಗೀತೆಯಿಂದ, ಸಂಗೀತ ಕಲಿಯಲು ಕುಳಿತ ಮಕ್ಕಳಿಗೆ ಮೊದಮೊದಲು ಹೇಳಿಕೊಡುವ ಪುಟ್ಟ ಹಾಡು ಅದು. ಮನೆಯ ಮೂವರು ಮಕ್ಕಳು ಹಾಡಿದರು, ಒಬ್ಬಳು ತಾಳ ತಪ್ಪಿದಳು. ಅಜ್ಜಿ ಒಂಬತ್ತನೆಯ ವಯಸ್ಸಿನಲ್ಲಿ ಕಲಿತದ್ದೂ ಅದೇ ಗೀತೆ.

ಅಜ್ಜಿಯ ಪಾಠದ ಪುಸ್ತಕದಲ್ಲಿ ಭೈರವಿ ರಾಗದ ಅಟ ತಾಳದ ವರ್ಣ ಪೂರ್ವಾಂಗದ, ಎಂದರೆ ಮೊದಲ ಭಾಗದ, ಕೊನೆಗೆ ಬರುವ ಮುಕ್ತಾಯ ಸ್ವರದವರೆಗೆ ಮಾತ್ರ ಇದೆ. ಎರಡನೆಯ ಭಾಗವಾದ ಚರಣವಿಲ್ಲ. ಉಳಿದ ಹಾಳೆಯಲ್ಲಿ ಮದುವೆಯ ಬಟ್ಟೆಯ ಲೆಕ್ಕ, ಅದೂ ಬೇರೆಯವರ ಕೈಬರಹ. ಅಜ್ಜಿಗೆ ಆಗ ಹದಿನೈದು. ಕಾರ್ಯಕ್ರಮದಲ್ಲಿ ನಾನು ವರ್ಣವನ್ನು ಅಜ್ಜಿ ಕಲಿತಷ್ಟೇ ನುಡಿಸಿ ನಿಲ್ಲಿಸಿದೆ. ಪೂರ್ವಾಂಗ ಮುಗಿಯಿತು, ಹದಿನಾಲ್ಕು ಅಕ್ಷರದ ಆ ದೀರ್ಘ ಆವರ್ತ ಇನ್ನೊಮ್ಮೆ ಶುರುವಾಗುತ್ತದೆ ಎಂದು ಬಲ್ಲವರು ಬೆರಳು ಎತ್ತಿದ್ದರು. ಬರೀ ತಂಬೂರಿ. ತಮ್ಮ ಲೆಕ್ಕದ ಹಾಳೆಯನ್ನು ಓದಿದ: "ಸೀರೆ ಒಂದು, ಹದಿನೆಂಟು ರೂಪಾಯಿ. ಪಂಚೆ ಎರಡು ಜೊತೆ..." ಮೃದಂಗದವರು ಆಮೇಲೆ ನನ್ನನ್ನು ಬೈದರು: "ನಿಲ್ಲಿಸುವುದು ಗೊತ್ತಿದ್ದೂ ಕೈ ಮುಂದಕ್ಕೆ ಹೋಗಿಬಿಟ್ಟಿತು." ಚರಣವನ್ನು ಕೊನೆಯ ಭಾಗಕ್ಕೆ ಉಳಿಸಿಕೊಂಡಿದ್ದೆ, ವೀಣೆ ರಿಪೇರಿಯಾದ 1968ರ ಕಥೆಯ ನಂತರಕ್ಕೆ. ನಲವತ್ತಾರರ ವಯಸ್ಸಿನಲ್ಲಿ ಅಜ್ಜಿ ಅಲ್ಲಿಂದಲೇ ಪಾಠ ಮುಂದುವರಿಸಿದ್ದರು.

ವೇದಿಕೆಯ ವ್ಯವಸ್ಥೆ ಬೇಗ ಹೇಳಿ ಮುಗಿಸುತ್ತೇನೆ. ಮಾತುಗಾರ ಕಲಾವಿದರ ಎಡಕ್ಕೆ, ಮುಖ್ಯ ಕಲಾವಿದರ ಕಣ್ಣಿಗೆ ಬೀಳುವಂತೆ ಕೂರಲಿ. ನಿಲ್ಲುವುದು ಬೇಡ, ನಿಂತರೆ ನಿರೂಪಕನ ಗತ್ತು ಬಂದುಬಿಡುತ್ತದೆ. ಅವನಿಗೆ ಪ್ರತ್ಯೇಕ ಮೈಕು. ವೀಣೆಯ ದನಿ ಸಣ್ಣದು. ಒಂದೇ ಮೈಕಿನ ಮಟ್ಟದಲ್ಲಿ ಎರಡನ್ನೂ ನಡೆಸಿದರೆ ಮಾತು ಗುಡುಗುತ್ತದೆ, ವೀಣೆ ಪಿಸುಗುಟ್ಟುತ್ತದೆ. ತಂಬೂರಿ ಮಾತಿನ ಕೆಳಗೂ ಸಣ್ಣಗೆ ನಡೆಯುತ್ತಿರಲಿ. ಆದರೆ ಮಾತಿನ ಹಿಂದೆ ಆಲಾಪನೆ ಬೇಡ. ಕಿವಿ ಎರಡರಲ್ಲಿ ಒಂದನ್ನು ಬಿಡುತ್ತದೆ, ಬಿಡುವುದು ಯಾವಾಗಲೂ ಸಂಗೀತವನ್ನು.

ಯಾರೂ ಹೇಳಿಕೊಡದ ಒಂದು ಉಪಾಯವಿದೆ. ಮಾತುಗಾರನ ಜೇಬಿನಲ್ಲಿ ಎರಡು ಬಿಡಿ ಪ್ರಸಂಗಗಳಿರಲಿ, ಎಲ್ಲಿ ಬೇಕಾದರೂ ಹೊಂದುವಂಥವು. ಫ್ಯಾನಿನ ಗಾಳಿಗೆ, ದೀಪದ ಬಿಸಿಗೆ ತಂತಿ ಇಳಿಯುತ್ತದೆ. ತಂತಿ ಬಿಗಿಯುವ ಬಿರಡೆ ತಿರುಗಿಸುತ್ತ ಕುಳಿತರೆ ಎರಡು ನಿಮಿಷ. ಮೃದಂಗದ ಎಡಭಾಗಕ್ಕೆ ರವೆ ಹಚ್ಚಿ ಸರಿಮಾಡಿಕೊಳ್ಳಲು ಇನ್ನೆರಡು. ಸಾಮಾನ್ಯ ಕಚೇರಿಯಲ್ಲಿ ಸಭಿಕರು ಕೆಮ್ಮುವ ಹೊತ್ತು ಅದು, ನಮಗೆ ಕಥೆಯ ಹೊತ್ತು. ನಾನು ಬಿರಡೆಗೆ ಕೈಹಾಕಿದೆ ಎಂದರೆ ತಮ್ಮ ಶುರುಮಾಡಬೇಕು, ಇದೇ ನಮ್ಮ ಸಂಜ್ಞೆ.

ಪಕ್ಕವಾದ್ಯದವರಿಗೆ ಮೊದಲೇ ಹೇಳಿ: ಇದು ಪೂರ್ಣ ಕಚೇರಿಯಲ್ಲ, ನಡುವೆ ಮಾತಿದೆ, ಅರ್ಧಕ್ಕೆ ನಿಲ್ಲಿಸುವುದೂ ಇದೆ. ಹೇಳದೆ ಕರೆದರೆ ಅವಮಾನವೆಂದುಕೊಳ್ಳುತ್ತಾರೆ, ಅದು ಸರಿಯೂ ಹೌದು. ಮೃದಂಗದವರು ತಾವೇ ನುಡಿಸುವ ತನಿ ಆವರ್ತನಕ್ಕೆ ಜಾಗ ಕೊಡಿ, ಆರು ನಿಮಿಷವಾದರೂ ಸರಿ. ಸಂಭಾವನೆಯಲ್ಲಿ ತಾಲೀಮಿನ ದಿನಗಳನ್ನೂ ಸೇರಿಸಿ. "ಮನೆಯ ಕಾರ್ಯಕ್ರಮ, ಊಟ ಮಾಡಿಕೊಂಡು ಹೋಗಿ" ಎನ್ನುವ ಪದ್ಧತಿ ನನಗೆ ಸರಿಬರುವುದಿಲ್ಲ. ಪುರೋಹಿತರಿಗೆ ಹಾಗೆ ಹೇಳುತ್ತೀರಾ?

ಈಗ ಆ ಕೆಟ್ಟುಹೋದ ಕಾರ್ಯಕ್ರಮದ ವಿಷಯ. ನಮ್ಮ ನೆಂಟರ ಮನೆ. ಮಾತು ನನ್ನದೇ, ತಮ್ಮನಿಗೆ ಜ್ವರವಿತ್ತು. ಆ ಮನೆಯ ಹಿರಿಯ ಸೋದರತ್ತೆಯನ್ನು ಮದುವೆಯಾದ ವರ್ಷದೊಳಗೆ ತವರಿಗೆ ಕಳಿಸಿದ್ದರು. ತವರಿನಲ್ಲಿ ಅವರು ನಲವತ್ತು ವರ್ಷ ಹಾಡು ಹೇಳಿಕೊಟ್ಟರು. ಒಳ್ಳೆಯ ಕಥೆ, ಅವರ ಧೈರ್ಯದ ಕಥೆ ಎಂದುಕೊಂಡು ಹೇಳಿಬಿಟ್ಟೆ. ಮನೆಯ ಯಜಮಾನರು ಒಪ್ಪಿದ್ದರು. ಆದರೆ ಸೋದರತ್ತೆಯ ಮಗಳು ಎರಡನೆಯ ಸಾಲಿನಲ್ಲಿ ಕುಳಿತಿದ್ದಳು, ಅವಳನ್ನು ನಾನು ಕೇಳಿರಲಿಲ್ಲ. ಅವಳು ಎದ್ದು ಹೋದಳು, ಚಪ್ಪಲಿ ಹುಡುಕುವ ಸದ್ದು ಒಳಗೆ ಕೇಳುತ್ತಿತ್ತು. ನಾನು ಹೇಗೋ ಕಚೇರಿ ಮುಗಿಸುವ ರಾಗವಾದ ಮಧ್ಯಮಾವತಿ ನುಡಿಸಿ ಎದ್ದೆ. ಅಂದಿನಿಂದ ನಿಯಮ: ಯಾರ ಕಥೆಯೋ ಅವರಿಗೆ, ಅವರಿಲ್ಲದಿದ್ದರೆ ಅವರ ಮಕ್ಕಳಿಗೆ, ಬರೆದ ಹಾಳೆಯನ್ನು ಓದಿ ಕೇಳಿಸಬೇಕು. ಮನೆಯ ಹಿರಿಯರ ಒಪ್ಪಿಗೆ ಸಾಲದು. ಆಸ್ತಿ ಪಾಲಿನ ಕಥೆಯನ್ನಂತೂ ಎಷ್ಟೇ ರಸವತ್ತಾಗಿದ್ದರೂ ಮುಟ್ಟುವುದಿಲ್ಲ.

ತಾಲೀಮು ಮೂರು ಸಾಕು. ಮೊದಲನೆಯದರಲ್ಲಿ ಪ್ರತಿ ರಚನೆಯ ಮೊದಲ ಮತ್ತು ಕೊನೆಯ ಸಾಲು ಮಾತ್ರ ನುಡಿಸಿ, ಮಾತನ್ನು ಪೂರ್ತಿ ಓದಿಸಿ. ಮಾತಿನಿಂದ ಸಂಗೀತಕ್ಕೆ ದಾಟುವ ಜಾಗದಲ್ಲೇ ಎಲ್ಲರೂ ಎಡವುವುದು. ಎರಡನೆಯದು ಪೂರ್ತಿ. ಮೂರನೆಯದು ಕಾರ್ಯಕ್ರಮದ ಜಾಗದಲ್ಲೇ, ಮೈಕು ಹಚ್ಚಿ. ಅಮೆರಿಕದಲ್ಲಿರುವ ಮಕ್ಕಳಿಗೆ ನೇರವಾಗಿ ತೋರಿಸುವುದಿದ್ದರೆ ಸಂಜೆ ಆರಕ್ಕೆ ಇಡಿ, ನ್ಯೂಜೆರ್ಸಿಯವರಿಗೆ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟೂವರೆ.

ಮಂಗಳ ಹಾಡಿದ ಕೂಡಲೇ ರೆಕಾರ್ಡರ್ ಆರಿಸಬೇಡಿ. ಊಟದ ಪಂಕ್ತಿಯ ಹತ್ತಿರ ಇನ್ನೊಂದು ಫೋನ್ ಇಡಿ, ಇಟ್ಟಿರುವುದನ್ನು ಎಲ್ಲರಿಗೂ ಹೇಳಿಯೇ ಇಡಿ. ನಾವು ಮೂರು ತಿಂಗಳು ಬೆನ್ನು ಹತ್ತಿದರೂ ಬಾಯಿ ಬಿಡದವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಮಾತನಾಡಿದ್ದು ಅದರಲ್ಲಿದೆ. ಸೋದರಮಾವ ಎಲೆಯ ಮುಂದೆ ಕುಳಿತು ತಮ್ಮನನ್ನು ಕರೆದು ಹೇಳಿದರು: "ಎಲ್ಲ ಚೆನ್ನಾಗಿತ್ತು. ಆದರೆ ಬುರುಡೆಯಲ್ಲಿದ್ದದ್ದು ಹಾಗಲಬೀಜ ಅಲ್ಲ, ಹೀರೆಬೀಜ." ಆಚೆ ಕೊನೆಯಿಂದ ದೊಡ್ಡಮ್ಮ, "ಹಾಗಲ" ಎಂದರು. ತಮ್ಮ ತನ್ನ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಹೀರೆ ಎಂದು ಬರೆದುಕೊಂಡ. ಹಾಗಲ ಎಂಬುದನ್ನು ಹೊಡೆದು ಹಾಕಲಿಲ್ಲ.